ಅಂಗಳಕ್ಕೆ ಎಷ್ಟು ಗೊಚ್ಚು?

(ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರದ ಕಡೆಯ ಒಂದು ಊರು. ಹಳೆಯ ಹೆಂಚಿನ ಮನೆ ಇದ್ದ ಜಾಗದಲ್ಲಿ ಹೊಸ ಮನೆ ಎದ್ದಿದೆ. ಕಟ್ಟಿಸುತ್ತಿರುವಾಕೆ ಶಾಲೆಯಲ್ಲಿ ಟೀಚರು. ಆಕೆಯ ಸೋದರಮಾವ ಕೆ.ಆರ್. ನಗರದ ಕಡೆಯವರು, ಲೋಕೋಪಯೋಗಿ ಇಲಾಖೆಯಲ್ಲಿ ವರ್ಕ್ ಇನ್‌ಸ್ಪೆಕ್ಟರ್ ಆಗಿದ್ದು ನಿವೃತ್ತರಾದವರು.)

ಸೊಸೆ: ಮಾವ, ಒಳಗಿನ ಕೆಲಸ ಮುಗೀತಾ ಬಂತು. ಇನ್ನು ಹೊರಗಿನದು. ಮೇಸ್ತ್ರಿ ಚೀಟಿ ಬರೆದುಕೊಟ್ಟಿದ್ದಾರೆ: ನಾಲ್ಕು ಲೋಡು ಗೊಚ್ಚು ಮಣ್ಣು, ಎರಡು ಲೋಡು ಜಲ್ಲಿ, ಒಂದು ಲೋಡು ಎಂ ಸ್ಯಾಂಡ್. ನಾಳೆ ಫೋನ್ ಮಾಡಿ ಹೇಳಿಬಿಡೋಣ ಅಂತಿದ್ದೀನಿ.

ಮಾವ: ಯಾವ ಗಾಡಿಯ ಲೋಡು?

ಸೊಸೆ: ಟ್ರ್ಯಾಕ್ಟರ್ ಲೋಡು ಅಂತ ಕಾಣುತ್ತೆ. ರೇಟು ವಿಚಾರಿಸಿದ್ದೀನಿ. ಹುಣಸೂರು ಕಡೆಯವರು ಒಂದು ಹೇಳಿದರು, ನಮ್ಮೂರ ಪಕ್ಕದವರು ಐನೂರು ರೂಪಾಯಿ ಕಮ್ಮಿ ಹೇಳಿದರು. ಹತ್ತಿರದವರಿಗೇ ಹೇಳೋದು ಅಂದುಕೊಂಡೆ.

ಮಾವ: ಆ ಐನೂರು ಕಮ್ಮಿ ಹೌದೋ ಅಲ್ಲವೋ ಅಂತ ನನಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ಟ್ರೇಲರಿನ ಒಳಗಡೆ ಟೇಪು ಹಿಡಿಯೋವರೆಗೂ ಯಾರಿಗೂ ಗೊತ್ತಾಗಲ್ಲ. ಒಬ್ಬನ ಟ್ರೇಲರ್ ಒಳಗಡೆ 10 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಎತ್ತರ ಇತ್ತು ಅನ್ನು. ಅಂಚಿನ ಮಟ್ಟಕ್ಕೆ ತುಂಬಿದರೆ 120 ಘನ ಅಡಿ. ಇನ್ನೊಬ್ಬನದು 9 ಅಡಿ, ಐದೂವರೆ ಅಡಿ, ಒಂದೂವರೆ ಅಡಿ. ಗುಣಿಸಿ ನೋಡು.

ಸೊಸೆ: ಎಪ್ಪತ್ತನಾಲ್ಕು ಚಿಲ್ಲರೆ.

ಮಾವ: ಎರಡನ್ನೂ ಒಂದು ಲೋಡು ಅಂತಲೇ ಕರೀತಾರೆ. ಗಾಡಿ ಓಡಿಸೋರು ಮೋಸ ಮಾಡ್ತಾರೆ ಅಂತ ಹೇಳ್ತಿಲ್ಲ ನಾನು. ಅವರ ಪೆಟ್ಟಿಗೆ ಇರೋದೇ ಅಷ್ಟು, ಅದರ ತುಂಬ ಹಾಕಿಕೊಂಡು ಬರ್ತಾರೆ. ಕೇಳದೆ ಇರೋರು ನಾವು. ನಿಮ್ಮಪ್ಪ ಹೊಗೆಸೊಪ್ಪು ಬೆಳೀತಿದ್ದಾಗ ಪಿರಿಯಾಪಟ್ಟಣದ ಹರಾಜು ಮಾರುಕಟ್ಟೆಗೆ ಬೇಲು ತಗೊಂಡು ಹೋದರೆ ಹೇಗೆ ನಿಂತ್ಕೋತಿದ್ದ ಹೇಳು.

ಸೊಸೆ: ತಕ್ಕಡಿ ಮುಳ್ಳಿನ ಮೇಲೇ ಕಣ್ಣು. ಅರ್ಧ ಕೇಜಿ ಹೆಚ್ಚುಕಮ್ಮಿ ಆದರೂ ಕೇಳೋರು.

ಮಾವ: ಕೇಳಲೇಬೇಕು. ವರ್ಷದ ದುಡಿಮೆ ಅದು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಮೂರು ಕಡೆಯೂ ರೈತ ಸೊಪ್ಪನ್ನ ಕೇಜಿ ಲೆಕ್ಕದಲ್ಲಿ, ಗ್ರೇಡಿನ ಲೆಕ್ಕದಲ್ಲಿ ಮಾರ್ತಾನೆ. ನಮ್ಮ ಕಡೆ ಭತ್ತವನ್ನ ಕ್ವಿಂಟಾಲ್ ಲೆಕ್ಕದಲ್ಲಿ ಮಾರ್ತೀವಿ. ಅದೇ ದುಡ್ಡು ತಗೊಂಡು ಮನೆ ಕಟ್ಟುವಾಗ ಮಾತ್ರ ಜಲ್ಲಿ, ಮರಳು, ಗೊಚ್ಚು ಎಲ್ಲ ಕಣ್ಣಳತೆ. ಮಾರುವಾಗ ಇದ್ದ ಲೆಕ್ಕ ಕೊಳ್ಳುವಾಗಲೂ ಇರಬೇಕು ಕಣಮ್ಮ. ನಾನು ನಿನಗೆ ಹೇಳೋಕೆ ಬಂದಿರೋದು ಇದೊಂದೇ.

ಸೊಸೆ: ನಿಮ್ಮ ಇಲಾಖೆಯಲ್ಲಿ ಹೇಗೆ ಅಳೀತಿದ್ರಿ?

ಮಾವ: ನಾನು ಸೇರಿದ ಕಾಲಕ್ಕೆ ಕೈಯಲ್ಲಿ ಒಡೆದ ಜಲ್ಲಿ ಇನ್ನೂ ಬರ್ತಿತ್ತು. ಭೋವಿ ಜನ, ಗಂಡಸರು ಬಂಡೆ ಸೀಳೋರು, ಹೆಂಗಸರು ಗರಿಯ ನೆರಳಿನಲ್ಲಿ ಕೂತು ಸುತ್ತಿಗೆಯಲ್ಲಿ ಜಲ್ಲಿ ಒಡೆಯೋರು. ಅದನ್ನ ರಸ್ತೆ ಪಕ್ಕ ಅಚ್ಚುಕಟ್ಟಾಗಿ ಮಟ್ಟಸವಾದ ರಾಶಿ ಹಾಕಿಸಬೇಕಾಗಿತ್ತು. ಉದ್ದ, ಅಗಲ, ಎತ್ತರ ಟೇಪು ಹಿಡಿದು ಅಳೆದು, ಮೆಷರ್‌ಮೆಂಟ್ ಪುಸ್ತಕದಲ್ಲಿ ಬರೆದು, ಆಮೇಲೆ ಬಿಲ್ಲು. ರಾಶಿಯೊಳಗೆ ಸಂದು ಇರುತ್ತೆ ಅಂತ ಅದಕ್ಕೂ ಕಳೀತಿದ್ದೆವು. ಒಡೆದವರಿಗೆ ಸಿಗುತ್ತಿದ್ದ ಕೂಲಿ ಆ ಪುಸ್ತಕದ ಅಂಕಿಯ ಮೇಲೆ ನಿಂತಿತ್ತು. ಅಳತೆ ಸರಿಯಾಗಿದ್ದರೆ ಆ ಹೆಣ್ಣುಮಕ್ಕಳ ಹೊಟ್ಟೆಗೂ ನ್ಯಾಯ, ಸರ್ಕಾರಕ್ಕೂ ನ್ಯಾಯ. ಆ ಅಭ್ಯಾಸ ನನ್ನಿಂದ ಹೋಗಿಲ್ಲ.

ಸೊಸೆ: ಸರಿ, ನನ್ನ ಅಂಗಳದ ಲೆಕ್ಕ ಹಾಕೋಣ. ಮುಂದುಗಡೆ 30 ಅಡಿಗೆ 20 ಅಡಿ.

ಮಾವ: 600 ಚದರ ಅಡಿ. ಗೊಚ್ಚು ಹಾಸಿ, ನೀರು ಹಾಕಿ, ದಮ್ಮಸು ಮಾಡಿದ ಮೇಲೆ ನಾಲ್ಕಿಂಚು ದಪ್ಪ ನಿಂತರೆ ಮನೆ ಅಂಗಳಕ್ಕೆ ಸಾಕು. ನಾಲ್ಕಿಂಚು ಅಂದ್ರೆ ಅಡಿಯ ಮೂರನೇ ಒಂದು ಭಾಗ. ಹಾಗಾದ್ರೆ 200 ಘನ ಅಡಿ. ಆದರೆ ಗಾಡಿಯಲ್ಲಿ ಬರೋದು ಸಡಿಲ ಗೊಚ್ಚು, ದಮ್ಮಸು ಬಿದ್ದ ಮೇಲೆ ಕುಗ್ಗುತ್ತೆ. ಅದಕ್ಕೆ ಕಾಲು ಭಾಗ ಸೇರಿಸು. 250.

ಸೊಸೆ: ಮೇಸ್ತ್ರಿ ಹೇಳಿರೋ ನಾಲ್ಕು ಲೋಡು ದೊಡ್ಡ ಟ್ರೇಲರಿನಲ್ಲಿ ಬಂದರೆ 480!

ಮಾವ: ಚಿಕ್ಕದರಲ್ಲಿ ಬಂದರೆ ಮುನ್ನೂರಕ್ಕೆ ಸ್ವಲ್ಪ ಕಮ್ಮಿ. ಮೇಸ್ತ್ರಿಯ ತಪ್ಪಲ್ಲ ಅದು. ಯಾವ ಗಾಡಿ ಬರುತ್ತೋ ಅವರಿಗೂ ಗೊತ್ತಿಲ್ಲ, ಸಾಮಾನು ಸಾಲದೆ ಆಳುಗಳು ಕೈಕಟ್ಟಿ ಕೂರೋ ಹಾಗೆ ಆಗಬಾರದು ಅಂತ ಒಂದು ಲೋಡು ಜಾಸ್ತಿ ಹೇಳ್ತಾರೆ. ಉಳಿದದ್ದು ಮೂರು ವರ್ಷ ಬೇಲಿ ಪಕ್ಕ ರಾಶಿ ಬಿದ್ದಿರುತ್ತೆ, ಅದರ ಮೇಲೆ ಪಾರ್ಥೇನಿಯಂ ಬೆಳೆಯುತ್ತೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರ, ಈ ನಾಲ್ಕು ತಾಲ್ಲೂಕಿನ ಯಾವ ಊರಿಗೆ ಹೋದರೂ ಅಂಥ ರಾಶಿ ಕಾಣುತ್ತೆ ನಿನಗೆ.

ಸೊಸೆ: ದೊಡ್ಡ ಟಿಪ್ಪರಿನಲ್ಲಿ ತರಿಸಿದರೆ? ಅವರು ಟನ್ ಲೆಕ್ಕ ಹೇಳ್ತಾರೆ.

ಮಾವ: ಕ್ರಷರಿನಿಂದ ನೇರ ಬರೋದಾದ್ರೆ ತೂಕದ ಚೀಟಿ ಇರುತ್ತೆ, ಒಳ್ಳೇದು. ಖಾಲಿ ಗಾಡಿ ತೂಕ, ತುಂಬಿದ ಗಾಡಿ ತೂಕ, ಎರಡೂ ಇರೋ ಚೀಟಿ ಕೇಳು. ಟನ್ನನ್ನ ಘನ ಅಡಿಗೆ ತಿರುಗಿಸೋದು ಕಷ್ಟವಲ್ಲ. 20 ಎಂಎಂ ಜಲ್ಲಿ ನೂರು ಘನ ಅಡಿ ಅಂದ್ರೆ ಹೆಚ್ಚುಕಮ್ಮಿ ನಾಲ್ಕೂಕಾಲು ಟನ್. ಎಂ ಸ್ಯಾಂಡ್ ನಾಲ್ಕೂವರೆಯಿಂದ ಐದರ ಒಳಗೆ. ನೂರು ಘನ ಅಡಿಗೆ ಒಂದು ಯೂನಿಟ್ ಅನ್ನೋದು ರೂಢಿ. ಆದರೂ ಫೋನಿನಲ್ಲಿ ಯೂನಿಟ್ ಅಂತ ಹೇಳಿ ಬಿಡಬೇಡ, ನೂರು ಘನ ಅಡಿ ಅಂತ ಬಾಯಿ ಬಿಟ್ಟು ಹೇಳು.

ಸೊಸೆ: ತೂಕವೇ ವಾಸಿ ಅನ್ನಿ ಹಾಗಾದ್ರೆ.

ಮಾವ: ಜಲ್ಲಿಗೆ ವಾಸಿ. ಮರಳಿಗೆ ಎರಡರಲ್ಲೂ ಎಚ್ಚರ ಬೇಕು. ತೂಕದಲ್ಲಿ ಕೊಂಡರೆ, ಒದ್ದೆ ಮರಳಿನಲ್ಲಿ ನೀರಿಗೂ ದುಡ್ಡು ಕೊಡ್ತೀಯ. ಅಳತೆಯಲ್ಲಿ ಕೊಂಡರೆ ಇನ್ನೊಂದು ತರಹ. ಮರಳು ಸ್ವಲ್ಪ ತೇವ ಆದರೆ ಉಬ್ಬುತ್ತೆ. ಕಣದ ಸುತ್ತ ನೀರಿನ ಪೊರೆ ಕಟ್ಟಿಕೊಂಡು ಒಂದನ್ನೊಂದು ದೂರ ತಳ್ಳುತ್ತವೆ. ನೂರಕ್ಕೆ ಐದರಷ್ಟು ತೇವ ಇದ್ದರೆ ಕಾಲು ಭಾಗದವರೆಗೂ, ನುಣುಪು ಮರಳಾದರೆ ಇನ್ನೂ ಹೆಚ್ಚು ಉಬ್ಬುತ್ತೆ. ಅದೇ ಮರಳನ್ನ ಪೂರ್ತಿ ನೀರಿನಲ್ಲಿ ಮುಳುಗಿಸು, ತಿರುಗಿ ಇಳಿದುಬಿಡುತ್ತೆ. ನೀನು ಮಕ್ಕಳಿಗೆ ವಿಜ್ಞಾನ ಹೇಳಿಕೊಡ್ತೀಯಲ್ಲ, ಶಾಲೆಯಲ್ಲೇ ಮಾಡಿ ತೋರಿಸಬಹುದು.

ಸೊಸೆ: ಹೇಗೆ?

ಮಾವ: ನೇರ ಗೋಡೆಯ ಒಂದು ಡಬ್ಬಕ್ಕೆ ಒದ್ದೆ ಮರಳನ್ನ ಆರಿಂಚು ತುಂಬು, ಅದುಮಬೇಡ. ಅದನ್ನ ಬೇರೆ ಕಡೆ ಸುರಿದುಕೊಂಡು, ಡಬ್ಬಕ್ಕೆ ಅರ್ಧ ನೀರು ಹಾಕಿ, ಮರಳನ್ನ ವಾಪಸು ಅದರೊಳಗೆ ಹಾಕಿ ಕಲಕು. ಕೂತ ಮೇಲೆ ಐದಿಂಚಿಗೆ ಬಂತು ಅನ್ನು. ಐದಕ್ಕೆ ಒಂದು ಹೆಚ್ಚು, ಅಂದ್ರೆ ನೂರಕ್ಕೆ ಇಪ್ಪತ್ತು ಉಬ್ಬಿತ್ತು ಅಂತ. ಇದನ್ನ ನಾವು ಸೈಟಿನಲ್ಲಿ ಮಾಡ್ತಿದ್ದೆವು. ಜಲ್ಲಿಗೆ ಈ ತೊಂದರೆ ಇಲ್ಲ, ಮಳೆಯಲ್ಲಿ ನೆಂದರೂ ಅಷ್ಟೇ ಜಾಗ.

ಸೊಸೆ: ಎಂ ಸ್ಯಾಂಡ್ ಅಂತ ಹೇಳಿ ಕ್ರಷರ್ ಡಸ್ಟ್ ತಂದು ಸುರೀತಾರೆ ಅಂತ ಎಲ್ಲರೂ ಹೆದರಿಸ್ತಾರೆ.

ಮಾವ: ಹೆದರೋದು ಬೇಡ, ನೋಡಿ ತಗೋ. ಜಲ್ಲಿ ಒಡೆಯುವಾಗ ಉದುರುವ ಪುಡಿ ಡಸ್ಟು. ಎಂ ಸ್ಯಾಂಡನ್ನ ಬೇರೆ ಯಂತ್ರದಲ್ಲಿ ಕಲ್ಲಿಗೆ ಕಲ್ಲು ಬಡಿಸಿ, ಮೂಲೆ ಸವೆಸಿ, ಜರಡಿ ಹಿಡಿದು, ತೊಳೆದು ಮಾಡ್ತಾರೆ. ಅಂಗೈಗೆ ಹಾಕಿ ಉಜ್ಜಿ ಬಿಟ್ಟುಬಿಡು, ಬೂದಿ ಹಾಗೆ ಅಂಟಿಕೊಂಡು ಉಳಿದರೆ ಪುಡಿ ಜಾಸ್ತಿ. ಕಣ ಚಪ್ಪಟೆಯಾಗಿ, ಸೂಜಿಯಾಗಿ ಇದ್ದರೆ ಅದು ಎಂ ಸ್ಯಾಂಡ್ ಅಲ್ಲ. ಐಎಸ್ 383 ಅಂತ ಒಂದು ಮಾನದಂಡ ಇದೆ, 2016ರಲ್ಲಿ ಅದನ್ನ ಪರಿಷ್ಕರಿಸಿದರು. ಕಲ್ಲು ಪುಡಿ ಮಾಡಿ ತೆಗೆದ ಮರಳಿನಲ್ಲಿ 75 ಮೈಕ್ರಾನಿಗಿಂತ ನುಣುಪಾದದ್ದು ನೂರಕ್ಕೆ 15ರ ಒಳಗಿರಬೇಕು ಅಂತ ಅದರಲ್ಲಿದೆ. ಟೆಸ್ಟ್ ರಿಪೋರ್ಟು ಕೇಳಿದರೆ ದೊಡ್ಡ ಕ್ರಷರಿನವರು ಕೊಡ್ತಾರೆ. ಆದರೆ ಒಂದು ವಿಷಯ. ಡಸ್ಟು ಕೆಟ್ಟದ್ದು ಅಂತಲ್ಲ. ಕಾಂಕ್ರೀಟಿಗೆ ಬೇಡ ಅಷ್ಟೆ. ಚಪ್ಪಡಿ ಹಾಸೋಕೆ ಕೆಳಗೆ ಎರಡಿಂಚು ಡಸ್ಟು ಹಾಕಿದರೆ ಮಟ್ಟಸವಾಗಿ ಕೂರುತ್ತೆ, ಅಗ್ಗವೂ ಹೌದು. ನಿನಗೆ ಹೊರಗಿನ ಕೆಲಸಕ್ಕೆ ಎಂ ಸ್ಯಾಂಡ್ ಯಾಕೆ ಬೇಕು ಅಂತಲೇ ನನಗೆ ಅರ್ಥ ಆಗಿಲ್ಲ.

ಸೊಸೆ: ಗೇಟಿನಿಂದ ಜಗಲಿವರೆಗೆ ಚಪ್ಪಡಿ ಹಾಸೋಕೆ.

ಮಾವ: ಹಾಗಾದ್ರೆ ಡಸ್ಟೇ ತರಿಸು. ಉಳಿದ ಅಂಗಳಕ್ಕೆ ಪೂರ್ತಿ ಗೊಚ್ಚು ಹಾಕಿಸಿ ರೋಲರ್ ಹೊಡೆಸಿಬಿಡು, ಕೆಸರಿನ ಕಾಟವೇ ಇರಲ್ಲ.

ಸೊಸೆ: ಅದಕ್ಕೆ ನಾನು ಒಪ್ಪಲ್ಲ ಮಾವ.

ಮಾವ: ಯಾಕೆ?

ಸೊಸೆ: ಅಮ್ಮ ಬೆಳಗ್ಗೆ ಎದ್ದು ಸಗಣಿ ನೀರು ಹಾಕಿ ರಂಗೋಲಿ ಬಿಡೋದೆಲ್ಲಿ? ಗೊಚ್ಚಿನ ಮೇಲೆ ಎಳೆ ನಿಲ್ಲಲ್ಲ. ರಾಗಿ ಒಣಗಿಸೋಕೆ, ಹುರುಳಿ ಬಡಿಯೋಕೆ, ಹಪ್ಪಳ ಹಾಕೋಕೆ ನಮಗೆ ಮಣ್ಣಿನ ಅಂಗಳವೇ ಬೇಕು. ಊರಿನಲ್ಲಿ ಹೊಸ ಮನೆ ಕಟ್ಟಿದವರೆಲ್ಲ ಸುತ್ತ ಸಿಮೆಂಟು ಮಾಡಿಸಿಬಿಡ್ತಾರೆ, ಆಮೇಲೆ ಬೇಸಿಗೆಯಲ್ಲಿ ಜಗಲಿ ಮೇಲೆ ಕೂರೋಕೆ ಆಗಲ್ಲ, ಕಾಯ್ದು ಹೋಗಿರುತ್ತೆ. ತುಳಸಿಕಟ್ಟೆಯ ಸುತ್ತ, ಸೀಬೆ ಗಿಡದ ಕೆಳಗೆ, ಅಮ್ಮ ಕೂರೋ ಕಡೆ ಮಣ್ಣು ಹಾಗೇ ಇರಲಿ. ಗಾಡಿ ನಿಲ್ಲೋ ಕಡೆ, ಓಡಾಡೋ ಕಡೆ ಮಾತ್ರ ಗೊಚ್ಚು.

ಮಾವ: ಅದು ಸರಿಯಾದ ಮಾತು. ಹಾಗಾದ್ರೆ 600 ಚದರ ಅಡಿ ಅಲ್ಲ, ಅದರ ಅರ್ಧ. 125 ಘನ ಅಡಿ, ಅಂದ್ರೆ ದೊಡ್ಡ ಟ್ರೇಲರಿನ ಒಂದು ಲೋಡು. ನಿಮ್ಮಮ್ಮನ ರಂಗೋಲಿಗೆ ಮೂರು ಲೋಡು ಉಳೀತು ನೋಡು.

ಸೊಸೆ: ಮಣ್ಣಿನ ಕಡೆ ಮಳೆಗಾಲದಲ್ಲಿ ಜಾರೋದು ನಿಜ. ಅದಕ್ಕೇನು ಮಾಡಲಿ?

ಮಾವ: ನೀರು ನಿಲ್ಲದ ಹಾಗೆ ಓಟ ಕೊಡು. ಹತ್ತು ಅಡಿಗೆ ಎರಡಿಂಚು ಇಳಿಜಾರು ಸಾಕು, ಮನೆಯ ಪಾಯದಿಂದ ಆಚೆಗೆ. ಸೂರಿನ ನೀರು ಬೀಳೋ ಕಡೆ ಎರಡು ಅಡಿ ಅಗಲ ಮನೆ ಸುತ್ತ ಜಲ್ಲಿಪಟ್ಟಿ ಹಾಕಿಸು. ಆಗ ಗೋಡೆಗೆ ಕೆಸರು ಸಿಡಿಯಲ್ಲ, ಪಾಯದ ಬುಡ ಕೊರೆಯಲ್ಲ. ನಿನ್ನ ಮನೆ 30 ಬೈ 40. ಸುತ್ತ ಎರಡು ಅಡಿ ಅಂದ್ರೆ ಮೂಲೆ ಸೇರಿಸಿ 296 ಚದರ ಅಡಿ. ಮೂರಿಂಚು ದಪ್ಪಕ್ಕೆ 74 ಘನ ಅಡಿ. ಚಿಕ್ಕ ಟ್ರೇಲರಿನ ಒಂದು ಲೋಡು, ಸರಿಯಾಗಿ. ಅದಕ್ಕೆ 20 ಎಂಎಂ ಜಲ್ಲಿ ಹಾಕು. ಅದಕ್ಕಿಂತ ಸಣ್ಣ ಬೇಬಿ ಜಲ್ಲಿ ಬೇಡ, ಸೂರಿನ ಹನಿಗೇ ಕೊಚ್ಚಿಕೊಂಡು ಹೋಗುತ್ತೆ, ಮಕ್ಕಳ ಚಪ್ಪಲಿಗೆ ಸಿಕ್ಕಿ ಮನೆಯೊಳಕ್ಕೂ ಬರುತ್ತೆ.

ಸೊಸೆ: ಆ ನೀರನ್ನ ಬೋರ್‌ವೆಲ್ಲಿನ ಹತ್ತಿರ ಇಂಗಿಸಬೇಕು ಅಂತಲೂ ಇದೆ.

ಮಾವ: ಅದಕ್ಕೆ ದಪ್ಪ ಕಲ್ಲು ಬೇಕು. ಇಂಗುಗುಂಡಿಯ ತಳಕ್ಕೆ ಬೋಡ್ರಸು ಕಲ್ಲು, ಅದರ ಮೇಲೆ 40 ಎಂಎಂ, ಆಮೇಲೆ 20, ಮೇಲುಗಡೆ ಮರಳು. ಮೇಲಿನ ಮರಳು ಕಸ ತಡೆಯುತ್ತೆ. ಎರಡು ಮೂರು ವರ್ಷಕ್ಕೊಮ್ಮೆ ಆ ಒಂದು ಪದರವನ್ನ ಕೆರೆದು ಬದಲಾಯಿಸಿದರೆ ಸಾಕು. ತಳಕ್ಕೆ ಹೊಸ ಕಲ್ಲು ಕೊಳ್ಳಲೂ ಬೇಡ. ನಿಮ್ಮ ಹಳೇ ಮನೆಯ ಪಾಯದ ಕಲ್ಲು ಎಲ್ಲಿದೆ?

ಸೊಸೆ: ಹಿತ್ತಲಲ್ಲಿ ಬಿದ್ದಿದೆ. ಹೆಂಚಿನ ಚೂರು, ಇಟ್ಟಿಗೆ ಚೂರೂ ಅಲ್ಲೇ ಇದೆ. ಜೆಸಿಬಿಯವರು ಕೆರೆ ಅಂಚಿಗೆ ಹಾಕಿಬಿಡ್ತೀವಿ ಅಂದರು, ಬೇಡ ಅಂದೆ.

ಮಾವ: ಒಳ್ಳೇ ಕೆಲಸ ಮಾಡಿದೆ. ಆ ಕಲ್ಲು ಗುಂಡಿ ತಳಕ್ಕೆ ಹೋಗಲಿ, ಚಪ್ಪಡಿ ಇದ್ದರೆ ದಾರಿಗೆ. ಇಟ್ಟಿಗೆ ಚೂರು, ಹೆಂಚಿನ ಚೂರನ್ನ ಗಾಡಿ ನಿಲ್ಲೋ ಜಾಗದಲ್ಲಿ ಕೆಳಪದರವಾಗಿ ಹಾಸಿ ಬಡಿದು, ಮೇಲೆ ಗೊಚ್ಚು ಹಾಕು. ಗೊಚ್ಚು ಇನ್ನೂ ಕಮ್ಮಿ ಸಾಕಾಗುತ್ತೆ. ಸುಟ್ಟ ಮಣ್ಣನ್ನ ಕಸ ಅಂತ ಎಸೆಯಬಾರದು. ಕನ್ನಂಬಾಡಿ ಕಟ್ಟೆಯನ್ನ ಕಟ್ಟಿದ್ದು ಸಿಮೆಂಟಿನಲ್ಲಲ್ಲ, ಸುಣ್ಣಕ್ಕೆ ಸುಟ್ಟ ಮಣ್ಣಿನ ಪುಡಿ ಸೇರಿಸಿದ ಸುರ್ಕಿ ಗಾರೆಯಲ್ಲಿ. 1911ರಲ್ಲಿ ಶುರುವಾದ ಕೆಲಸ ಅದು, ಇವತ್ತಿಗೂ ನೀರು ಹಿಡಿದು ನಿಂತಿದೆ.

ಸೊಸೆ: ಗಿಡಕ್ಕೆ ಮಣ್ಣು? ಸುತ್ತ ಹೂವಿನ ಮಡಿ, ಹಿತ್ತಲಿಗೆ ನುಗ್ಗೆ, ಕರಿಬೇವು ಹಾಕಬೇಕು ಅಂತಿದ್ದೀನಿ. ಒಂದು ಲೋಡು ಕೆಂಪು ಮಣ್ಣು ಕೊಡ್ತೀವಿ ಅಂತ ಒಬ್ಬರು ಹೇಳಿದ್ದಾರೆ.

ಮಾವ: ಯಾವ ಗುಡ್ಡ ಕಡಿದು ತರ್ತಾರೋ! ನಿಮ್ಮದೇ ಕೆಂಪು ಮಣ್ಣಿನ ಸೀಮೆ, ಅದಕ್ಕೆ ಬೇಕಾಗಿರೋದು ಗೊಬ್ಬರ ಮತ್ತೆ ಹೂಳು. ಬೇಸಿಗೆಯಲ್ಲಿ ಕೆರೆ ಒಣಗಿ, ಪಂಚಾಯ್ತಿಯವರು ಹೂಳೆತ್ತಿಸೋದಾದ್ರೆ ಕೇಳಿ ಒಂದು ಟ್ರೇಲರ್ ತರಿಸಿಕೋ. ಹಿಂದಿನಿಂದಲೂ ರೈತರು ಹೊಲಕ್ಕೆ ಹೊಡೆಯೋದೇ ಅದು. ಕೆರೆಗೂ ಒಳ್ಳೇದು. ಆದರೆ ಹೂಳು ಹೊತ್ತು ಬರೋ ಗಾಡಿಗೂ ಅಳತೆ ಹಿಡಿ.

ಸೊಸೆ: ಗುಡ್ಡದ ಮಾತು ಬಂತಲ್ಲ, ಅದೇ ನನ್ನನ್ನ ಕಾಡ್ತಿರೋದು. ಈ ಕಲ್ಲೆಲ್ಲ ಎಲ್ಲಿಂದ ಬರುತ್ತೆ ಮಾವ? ಬೆಟ್ಟದಪುರದ ಬೆಟ್ಟ ನೋಡ್ತಾ ಬೆಳೆದವಳು ನಾನು. ಇನ್ನೊಂದೂರಿನ ಬೆಟ್ಟ ಕರಗಿಸಿ ನನ್ನ ಅಂಗಳ ಮಾಡಿಕೊಳ್ಳೋದು ಮನಸ್ಸಿಗೆ ಒಗ್ಗಲ್ಲ.

ಮಾವ: ಕಲ್ಲಿಲ್ಲದೆ ಮನೆ ಇಲ್ಲ, ಅದನ್ನ ಮೊದಲು ಒಪ್ಪಿಕೋ. ಆದರೆ ಈ ಕಲ್ಲು ಎಷ್ಟು ಹಳೇದು ಅಂತ ನೆನಪಿರಲಿ. ಎಚ್.ಡಿ. ಕೋಟೆ ಪಕ್ಕದ ಸರಗೂರಿನ ಹೆಸರು ನಮ್ಮ ಜನಕ್ಕಿಂತ ಭೂವಿಜ್ಞಾನಿಗಳಿಗೆ ಚೆನ್ನಾಗಿ ಗೊತ್ತು. ಸರಗೂರು ಶಿಲಾಸಮೂಹ ಅಂತ ಒಂದಿದೆ, 300 ಕೋಟಿ ವರ್ಷಕ್ಕೂ ಹಿಂದಿನದು. ನಮ್ಮ ನಾಡಿನ ಅತಿ ಹಳೇ ಬಂಡೆಗಳ ಸಾಲಿಗೆ ಸೇರಿದ್ದು. ಅಷ್ಟು ಹಳೇ ಬಂಡೆ ಒಂದು ಸಿಡಿತಕ್ಕೆ ಪುಡಿಯಾಗುತ್ತೆ, ತಿರುಗಿ ಬೆಳೆಯಲ್ಲ. ಬೇಕಾದಷ್ಟೇ ತರಿಸಬೇಕು ಅಂತ ನಾನು ಹೇಳೋದು ದುಡ್ಡು ಉಳಿಸೋಕೆ ಮಾತ್ರ ಅಲ್ಲ.

ಸೊಸೆ: ಕಾಡಿನ ಅಂಚಿನಲ್ಲೂ ಕ್ವಾರಿ ಇರುತ್ತಾ?

ಮಾವ: ನಾಗರಹೊಳೆ ಹುಣಸೂರು, ಎಚ್.ಡಿ. ಕೋಟೆ ಎರಡು ತಾಲ್ಲೂಕಿನ ಬೆನ್ನಿಗೇ ಇದೆ. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳ ಗಡಿಯಿಂದ ಒಂದು ಕಿಲೋಮೀಟರ್ ಒಳಗೆ ಗಣಿಗಾರಿಕೆ ಕೂಡದು ಅಂತ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಸ್ಪಷ್ಟವಾಗಿ ಹೇಳಿದೆ. ಐದು ಹೆಕ್ಟೇರಿಗಿಂತ ಚಿಕ್ಕ ಕ್ವಾರಿಗೂ ಪರಿಸರ ಅನುಮತಿ ಬೇಕು ಅಂತ 2012ರಲ್ಲೇ ಹೇಳಿತ್ತು. ನಮ್ಮ ಕನ್ನಂಬಾಡಿ ಕಟ್ಟೆಯ ಸುತ್ತ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಗಣಿಗಾರಿಕೆ ಬೇಡ ಅಂತ 2024ರ ಜನವರಿಯಲ್ಲಿ ಹೈಕೋರ್ಟ್ ಆದೇಶ ಮಾಡಿತು. ಅಲ್ಲೇ ಹತ್ತಿರದ ಬೇಬಿ ಬೆಟ್ಟದಲ್ಲಿ ಕಲ್ಲು ಸಿಡಿಸೋದರಿಂದ ಕಟ್ಟೆಗೆ ಏನಾಗುತ್ತೋ ಅಂತ ಜನ ವರ್ಷಗಟ್ಟಲೆ ಕೂಗಿಕೊಂಡ ಮೇಲೆ ಬಂದ ಆದೇಶ ಅದು.

ಸೊಸೆ: ಶಿವಮೊಗ್ಗದಲ್ಲಿ ಆಗಿದ್ದು ನೆನಪಿದೆ ನನಗೆ. ರಾತ್ರಿ ಭೂಕಂಪ ಅಂದುಕೊಂಡು ಜನ ಮನೆಯಿಂದ ಹೊರಗೆ ಓಡಿದ್ದರು.

ಮಾವ: ಹುಣಸೋಡು, 2021ರ ಜನವರಿ 21. ಕ್ರಷರಿನ ಹತ್ತಿರ ಸ್ಫೋಟಕ ತುಂಬಿದ್ದ ಲಾರಿ ಸಿಡಿದು ಕೂಲಿ ಕೆಲಸಕ್ಕೆ ಬಂದವರು ಸತ್ತರು. ಮುಂದಿನ ತಿಂಗಳೇ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಇನ್ನೊಂದು. ಸುದ್ದಿಗೆ ಬರೋದು ಇಂಥವು. ಸುದ್ದಿಗೆ ಬಾರದೆ ಇರೋದು ಕಲ್ಲಿನ ದೂಳು ಕುಡಿದು ಶ್ವಾಸಕೋಶ ಗಟ್ಟಿಯಾಗಿ ಸಾಯೋರು, ಬಿಟ್ಟುಹೋದ ಕ್ವಾರಿ ಗುಂಡಿಯ ನೀರಿಗೆ ಇಳಿದು ಮುಳುಗೋ ಮಕ್ಕಳು, ದನ. ಇದೆಲ್ಲ ನಮ್ಮ ಜಲ್ಲಿಯ ಲೆಕ್ಕದಲ್ಲಿ ಎಲ್ಲೂ ಬರೆದಿರಲ್ಲ.

ಸೊಸೆ: ಹಾಗಾದ್ರೆ ನದಿ ಮರಳು ವಾಸಿನಾ?

ಮಾವ: ಇಲ್ಲ ಇಲ್ಲ. ಕಾವೇರಿ, ಕಬಿನಿ, ಲಕ್ಷ್ಮಣತೀರ್ಥ ಮೂರೂ ನಮ್ಮ ಮನೆ ಬಾಗಿಲಲ್ಲೇ ಹರಿಯುತ್ತವೆ, ಅದಕ್ಕೇ ಜನಕ್ಕೆ ಆಸೆ. ನದಿಯ ಮರಳು ಬೇಸಿಗೆಯಲ್ಲಿ ನೀರನ್ನ ಹಿಡಿದಿಟ್ಟುಕೊಳ್ಳುತ್ತೆ. ಅದನ್ನ ಬಗೆದರೆ ದಡದ ಬಾವಿ ಬತ್ತುತ್ತೆ, ಸೇತುವೆಯ ಕಾಲು ಬಯಲಾಗುತ್ತೆ. ಸೇತುವೆ ಕೆಲಸ ನೋಡಿದವನು ನಾನು, ಆ ಭಯ ಬೇರೆ. ರಾತ್ರಿ ಹೊತ್ತು ಪರ್ಮಿಟ್ ಇಲ್ಲದೆ ಬರೋ ಮರಳನ್ನ ಅಂಗಳಕ್ಕೆ ಹಾಕಿಸಿಕೊಳ್ಳಲೇ ಬೇಡ.

ಸೊಸೆ: ನಾನು ಏನು ಕೇಳಬೇಕು ಹೇಳಿ. ಟೀಚರಮ್ಮ ಜಲ್ಲಿಗೂ ಪ್ರಶ್ನೆಪತ್ರಿಕೆ ತಂದಿದ್ದಾಳೆ ಅಂದರೂ ಪರವಾಗಿಲ್ಲ.

ಮಾವ: ಕ್ವಾರಿಯಿಂದ, ಕ್ರಷರಿನಿಂದ ಹೊರಡೋ ಖನಿಜಕ್ಕೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಸಾಗಾಣಿಕೆ ಪರ್ಮಿಟ್ ಇರಬೇಕು. ನಮ್ಮ ರಾಜ್ಯದ ಉಪಖನಿಜ ನಿಯಮ 1994ರದ್ದು. ಕ್ರಷರ್‌ಗಳಿಗೆ ಅಂತಲೇ 2011ರಲ್ಲಿ ಬೇರೆ ಕಾಯ್ದೆ ಬಂತು. ಊರು, ಶಾಲೆ, ಗುಡಿಯಿಂದ ದೂರ ಸುರಕ್ಷಿತ ವಲಯ ಗುರುತಿಸಿ ಅಲ್ಲೇ ನಡೆಸಬೇಕು ಅಂತ. ಗಾಡಿಯವನು ಬಂದಾಗ ಪರ್ಮಿಟ್ ಚೀಟಿ ತೋರಿಸಪ್ಪ ಅಂತ ಮರ್ಯಾದೆಯಿಂದ ಕೇಳು. ಯಾವ ಊರಿನ ಕ್ರಷರು, ಎಷ್ಟು ಟನ್, ಯಾವ ದಿನ, ಗಾಡಿ ನಂಬರ್ ಇದೇನಾ ಅಂತ ನೋಡು. ನಿನಗೆ ಬಂದ ಅಳತೆಗೂ ಅದರಲ್ಲಿರೋ ಟನ್ನಿಗೂ ತಾಳೆ ಹಾಕಬಹುದು. ಜೊತೆಗೆ ಬಿಲ್ಲು, ಅದರಲ್ಲಿ ಐದು ಪರ್ಸೆಂಟ್ ಜಿಎಸ್‌ಟಿ ಇರುತ್ತೆ.

ಸೊಸೆ: ನಾನೊಬ್ಬಳು ಒಂದೆರಡು ಟ್ರೇಲರಿಗೆ ಚೀಟಿ ಕೇಳಿದರೆ ಯಾವ ಬೆಟ್ಟ ಉಳಿಯುತ್ತೆ ಮಾವ?

ಮಾವ: ಬೆಟ್ಟ ಉಳಿಯುತ್ತೆ ಅಂತ ನಾನು ಹೇಳಲ್ಲ. ಆದರೆ ನಿಯಮ ಪಾಲಿಸಿ, ರಾಯಲ್ಟಿ ಕಟ್ಟಿ, ಕೆಲಸದವರಿಗೆ ಮಾಸ್ಕು, ಹೆಲ್ಮೆಟ್ಟು ಕೊಟ್ಟು ನಡೆಸೋ ಕ್ರಷರಿನವನ ರೇಟು ಸ್ವಲ್ಪ ಹೆಚ್ಚೇ ಇರುತ್ತೆ. ಯಾರೂ ಚೀಟಿ ಕೇಳದೆ ಹೋದರೆ ಅವನು ಸೋತು ಬಾಗಿಲು ಹಾಕ್ತಾನೆ, ಕದ್ದು ಒಡೆಯೋನು ಉಳೀತಾನೆ. ನೀನು ಕೇಳಿದ ಚೀಟಿ ಆ ಒಬ್ಬ ಸರಿಯಾದವನಿಗೆ ಬೆಂಬಲ. ನಿಮ್ಮೂರಲ್ಲಿ ಈ ವರ್ಷ ಎಷ್ಟು ಮನೆ ಏಳ್ತಿವೆ?

ಸೊಸೆ: ನಮ್ಮ ಬೀದಿಯಲ್ಲೇ ಎರಡಿವೆ. ಸೊಪ್ಪಿನ ಹರಾಜು ಮುಗಿದ ಮೇಲೆ ಎಲ್ಲರೂ ಒಟ್ಟಿಗೇ ಶುರು ಮಾಡ್ತಾರಲ್ಲ.

ಮಾವ: ಅವರನ್ನೂ ಸೇರಿಸಿಕೋ. ಮೂರು ಮನೆಯವರು ಕೂಡಿ ಒಂದು ಟಿಪ್ಪರ್ ಜಲ್ಲಿ ತರಿಸಿ ಹಂಚಿಕೊಂಡರೆ ಸಾಗಾಣಿಕೆ ಖರ್ಚು ಇಳಿಯುತ್ತೆ, ವೇಬ್ರಿಡ್ಜ್ ಚೀಟಿಯೂ ಸಿಗುತ್ತೆ. ಜಲ್ಲಿಯ ಬೆಲೆಯಲ್ಲಿ ದೊಡ್ಡ ಪಾಲು ಡೀಸೆಲ್ಲೇ.

ಸೊಸೆ: ಟಿಪ್ಪರ್ ನಮ್ಮ ಬೀದಿಗೆ ಬಂದರೆ ಜಗಳ ಆಗುತ್ತೆ. ಜಲಜೀವನ್‌ನವರ ನಲ್ಲಿ ಪೈಪು ಬೀದಿ ಅಂಚಿನಲ್ಲೇ ಇದೆ, ಆಳ ಇಲ್ಲ. ಹೋದ ವರ್ಷ ಒಂದು ಗಾಡಿ ಹರಿದು ಒಡೆದುಹೋಗಿ, ಬೀದಿಗೆಲ್ಲ ನೀರಿಲ್ಲದ ಹಾಗಾಯ್ತು.

ಮಾವ: ಹಾಗಾದ್ರೆ ಊರ ಹೊರಗೆ, ಕಣದ ಜಾಗ ಯಾರದ್ದಾದರೂ ಇದ್ದರೆ ಕೇಳಿ ಅಲ್ಲಿ ಇಳಿಸಿಕೊಳ್ಳಿ. ಅಲ್ಲಿಂದ ಟ್ರ್ಯಾಕ್ಟರಿನಲ್ಲಿ ಅವರವರ ಮನೆಗೆ. ಎರಡು ಸಲ ತುಂಬೋ ಕೂಲಿ ಬೀಳುತ್ತೆ, ನಿಜ. ಪೈಪು ಒಡೆದರೆ ಆಗೋ ಖರ್ಚಿಗಿಂತ, ನೆರೆಯವರ ಮನಸ್ಸು ಕೆಡೋದಕ್ಕಿಂತ ಅದು ಕಮ್ಮಿ. ನಮ್ಮ ಕಡೆ ಇದೇ ಸಮಸ್ಯೆ ಬೇರೆ ತರಹ. ಚಾಮರಾಜ ನಾಲೆಯ ಬಯಲಿನಲ್ಲಿ ಗದ್ದೆಗೆ ನೀರು ಬಿಟ್ಟ ಮೇಲೆ ನೆಲ ಮೆತ್ತಗಾಗಿರುತ್ತೆ, ನಾಲೆ ಏರಿ ಮೇಲೆ ಭಾರದ ಗಾಡಿ ಹೋದರೆ ಏರಿ ಕುಸಿಯುತ್ತೆ. ಮನೆ ಸುತ್ತ ಜಲ್ಲಿ ಹಾಕಿದರೂ ಒಂದೇ ಮಳೆಗಾಲಕ್ಕೆ ಕೆಸರು ನುಂಗಿಬಿಡುತ್ತೆ, ಕೆಳಗೆ ಮೊದಲು ಗೊಚ್ಚು ಬಡಿಯಲೇಬೇಕು. ನಿಮ್ಮ ಕೆಂಪು ನೆಲಕ್ಕೆ ಅಷ್ಟು ಬೇಡ. ಎಚ್.ಡಿ. ಕೋಟೆಯವರಿಗೆ ಇನ್ನೊಂದು ಕಷ್ಟ, ಕೇರಳದ ಕಡೆಯ ಮಳೆ ಅವರಿಗೆ ಬೇಗ ತಾಗುತ್ತೆ, ಜೂನ್ ಬಂತು ಅಂದ್ರೆ ಒಳಗಿನ ಊರಿಗೆ ಭಾರದ ಗಾಡಿ ಹೋಗೋದು ಕಷ್ಟ.

ಸೊಸೆ: ನಮಗೆ ಯಾವಾಗ ಒಳ್ಳೇದು?

ಮಾವ: ಕಲ್ಲು, ಜಲ್ಲಿ, ಡಸ್ಟು ಈಗಲೇ, ನೆಲ ಗಟ್ಟಿ ಇರುವಾಗ. ಗೊಚ್ಚು ಮಾತ್ರ ಒಂದೆರಡು ಮುಂಗಾರು ಪೂರ್ವ ಮಳೆ ಬೀಳೋ ಹೊತ್ತಿಗೆ ಹಾಸಿಸು. ಒಣ ಗೊಚ್ಚಿಗೆ ನೀರು ಹೊಯ್ದು ಹೊಯ್ದು ನಿಮ್ಮ ಬೋರ್‌ವೆಲ್ಲಿನ ನೀರು ಮುಗಿಯೋದಕ್ಕಿಂತ ಹದ ಮಳೆಯಲ್ಲಿ ತಾನೇ ಕೂರುತ್ತೆ. ಅದರ ಮೇಲೆ ದಮ್ಮಸು. ಒಂದೇ ಸಲ ನಾಲ್ಕಿಂಚು ಹಾಕಿಸಬೇಡ, ಎರಡೆರಡು ಇಂಚಿನ ಎರಡು ಪದರ.

ಸೊಸೆ: ಗೊಚ್ಚು ಒಳ್ಳೇದೋ ಅಲ್ಲವೋ ಅಂತ ಗೊತ್ತಾಗೋದು ಹೇಗೆ?

ಮಾವ: ಒಂದು ಹಿಡಿ ತಗೊಂಡು ಸ್ವಲ್ಪ ನೀರು ಹಾಕಿ ಉಂಡೆ ಕಟ್ಟು. ಕಟ್ಟದೆ ಉದುರಿದರೆ ಬರೀ ನುರುಜು, ಗಾಡಿ ಚಕ್ರಕ್ಕೆ ಎದ್ದು ಹೋಗುತ್ತೆ. ಉಂಡೆ ನುಣ್ಣಗೆ, ಕೈಗೆ ಜಿಗಟಾಗಿ ಅಂಟಿದರೆ ಜೇಡಿ ಜಾಸ್ತಿ, ಮಳೆಗೆ ಜಾರುತ್ತೆ. ಉಂಡೆ ಕಟ್ಟಬೇಕು, ಒಡೆದರೆ ಒಳಗೆ ಕಲ್ಲು ಕೈಗೆ ಸಿಗಬೇಕು. ಗಾಡಿಯಲ್ಲಿ ಮೇಲೆ ಒಂದು ತರಹ, ಕೆಳಗೆ ಒಂದು ತರಹ ಇರುತ್ತೆ, ಸುರಿದ ಮೇಲೆ ಮಧ್ಯದಿಂದ ತೆಗೆದು ನೋಡು.

ಸೊಸೆ: ಸರಿ. ನಾಳೆ ಫೋನ್ ಮಾಡಿ ಮೊದಲು ಟ್ರೇಲರಿನ ಒಳಗಿನ ಉದ್ದ, ಅಗಲ, ಎತ್ತರ ಕೇಳ್ತೀನಿ. ಹುಣಸೂರಿನವರನ್ನೂ ಅದನ್ನೇ ಕೇಳ್ತೀನಿ. ಘನ ಅಡಿಗೆ ಎಷ್ಟು ಬೀಳುತ್ತೆ ಅಂತ ಭಾಗಿಸಿ ನೋಡ್ತೀನಿ. ಪರ್ಮಿಟ್ ಚೀಟಿ ಕೊಡದೆ ಇರೋರು ಎಷ್ಟೇ ಕಮ್ಮಿ ಹೇಳಿದರೂ ಬೇಡ. ಪಕ್ಕದ ಮನೆಯವರನ್ನ ಸಂಜೆ ಕೇಳಿ ನೋಡ್ತೀನಿ, ಅವರಿಗೂ 20 ಎಂಎಂ ಬೇಕು ಅಂತಿದ್ದರು.

ಮಾವ: ಗಾಡಿ ಕತ್ತಲಾಗೋ ಮುಂಚೆ ಬರಲಿ ಅಂತ ಹೇಳು. ಸುರಿಯೋ ಮುಂಚೆ ಮೇಲಿನ ರಾಶಿಯನ್ನ ಅಂಚಿನ ಮಟ್ಟಕ್ಕೆ ಎಳೆಸಿ ಅಳೆಯಬೇಕು. ಮೂಲೆಗಳು ಖಾಲಿ ಇದ್ದರೆ ಆಗ ಕಾಣುತ್ತೆ. ಅಷ್ಟು ಹೊತ್ತು ಅವನನ್ನ ನಿಲ್ಲಿಸ್ತೀವಿ, ಕಾಫಿ ಕೊಡೋದನ್ನ ಮರೀಬೇಡ.